ಘಟ್ಟದ ಸಿಂಗಳೀಕ ಉಳಿಯೋಕೆ ಎಂತ ಬೇಕು? ಅಮಾಸೆಬೈಲು ಸುತ್ತಲಿನವರಿಗೆ ಒಂದು ಮಾಹಿತಿ

ಅಮಾಸೆಬೈಲು: ತೋಟಕ್ಕೆ ಮಂಗ ನುಗ್ಗಿ ಎಳನೀರು ಉದುರಿಸಿದಾಗ ಬೈಯದವರು ನಮ್ಮ ಕಡೆ ಯಾರೂ ಇಲ್ಲ. ಬಾಳೆಗೊನೆ ಹೋಯ್ತು, ಸಿಂಗಾರ ಹೋಯ್ತು, ಕೊಕ್ಕೋ ಕಾಯಿ ಹೋಯ್ತು. ಇದೆಲ್ಲ ಸುಳ್ಳಲ್ಲ. ಆದರೆ ಘಟ್ಟದ ಬುಡದ ನಮ್ಮ ಕಾಡಲ್ಲಿ ಇರುವ ಮಂಗಗಳೆಲ್ಲ ಒಂದೇ ಜಾತಿಯವಲ್ಲ. ತೋಟ ಹಾಳು ಮಾಡುವುದು ಒಂದು, ಕಾಡಿನೊಳಗೆ ಸದ್ದಿಲ್ಲದೆ ಕಡಿಮೆ ಆಗ್ತಾ ಇರುವುದು ಇನ್ನೊಂದು. ಆ ಇನ್ನೊಂದರ ಹೆಸರು ಸಿಂಗಳೀಕ. ಇಡೀ ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇದು ಕಾಡಿನಲ್ಲಿ ಇಲ್ಲ. ಕಾಡಲ್ಲಿ ಉಳಿದಿರುವುದು ಸುಮಾರು 4,000 ಎಂಬ ಅಂದಾಜು. ಅಳಿವಿನ ಅಂಚಿನ ಜೀವಿಗಳ ಪಟ್ಟಿ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಪಾಯದ ಪಟ್ಟಿಯಲ್ಲಿ ಸೇರಿಸಿದೆ.

ಆಗುಂಬೆ, ಸೋಮೇಶ್ವರ, ಹೊಸಂಗಡಿ, ಬಾಳೆಬರೆ ಘಾಟಿ ಅಂತ ದಿನಾ ಓಡಾಡುವ ನಮಗೆ ಇದು ದೂರದ ಸುದ್ದಿ ಅಲ್ಲ. ಅದಕ್ಕೇ ಸಿಂಗಳೀಕ ಅಂದ್ರೆ ಯಾವುದು, ಎಂತಕ್ಕೆ ಕಡಿಮೆ ಆಯ್ತು, ಬೇರೆ ಕಡೆ ಹೇಗೆ ಉಳಿಸಿದ್ದಾರೆ, ನಮ್ಮ ಜಾಗದಲ್ಲಿ ಎಂತ ಮಾಡಬಹುದು ಎನ್ನುವ ವಿಷಯ ಒಂದೇ ಕಡೆ ಸಿಗಲಿ ಅಂತ ಈ ಬರಹ.

ಗುರುತು ಹಿಡಿಯೋದು ಹೇಗೆ?

ನಮ್ಮಲ್ಲಿ ಮೂರು ಬಗೆ ಕಾಣ್ತವೆ. ತೋಟಕ್ಕೂ, ದೇವಸ್ಥಾನದ ಅಂಗಳಕ್ಕೂ ಬರುವ ಕಂದು ಬಣ್ಣದ್ದು ಸಾದಾ ಮಂಗ. ನೆತ್ತಿಯ ಕೂದಲು ಟೊಪ್ಪಿ ಇಟ್ಟ ಹಾಗೆ ಸುತ್ತ ಹರಡಿರುತ್ತೆ, ಬಾಲ ಉದ್ದ. ಎರಡನೆಯದು ಮುಸುವ, ಅಂದ್ರೆ ಮುಸ್ಯ. ಮೈ ಬೂದು, ಮುಖ ಕಪ್ಪು, ಕೈಕಾಲು ಬಾಲ ಎಲ್ಲ ಉದ್ದುದ್ದ, ಹೆಚ್ಚು ಚಿಗುರು ಎಲೆ ತಿನ್ನುತ್ತೆ. ಮೂರನೆಯದು ಸಿಂಗಳೀಕ. ಮೈ ಪೂರ್ತಿ ಕಡುಕಪ್ಪು. ಮುಖದ ಸುತ್ತ ಬೆಳ್ಳಗಿನ, ಬೂದು ಮಿಶ್ರಿತ ದಟ್ಟ ಕೇಸರ. ಬಾಲ ಗಿಡ್ಡ, ತುದಿಯಲ್ಲಿ ಸಿಂಹದ ಬಾಲಕ್ಕೆ ಇರುವ ಹಾಗೆ ಕುಚ್ಚು. ಅದಕ್ಕೇ ‘ಸಿಂಹಬಾಲದ ಕೋತಿ’ ಅಂತಲೂ ಹೆಸರು. ಕೇಸರ ನೋಡಿ ಸಿಂಹ ಅಂದುಕೊಳ್ಳುವವರೇ ಜಾಸ್ತಿ, ಆದರೆ ಹೆಸರು ಬಂದದ್ದು ಬಾಲದಿಂದ.

ಮುಸ್ಯನನ್ನು ದೂರದಿಂದ ನೋಡಿ ಸಿಂಗಳೀಕ ಅಂತ ಫೋಟೋ ಹಾಕುವುದು ವಾಟ್ಸ್‌ಆ್ಯಪಿನಲ್ಲಿ ದಿನಾ ನಡೀತದೆ. ಮೈ ಬಣ್ಣ ನೋಡಿ. ಬೂದು ಇದ್ದರೆ ಅದು ಸಿಂಗಳೀಕ ಅಲ್ಲ.

ಗುಂಪಿನಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಇರ್ತವೆ. ಹೆಚ್ಚಿನ ಗುಂಪುಗಳಲ್ಲಿ ಬಲಿತ ಗಂಡು ಒಂದೇ. ಬೆಳಿಗ್ಗೆಯಿಂದ ಸಂಜೆವರೆಗೂ ಮರದ ಮೇಲೇ ಇರುತ್ತೆ. ಹಣ್ಣು, ಬೀಜ, ಹೂವಿನ ರಸ, ತೊಗಟೆಯಡಿಯ ಹುಳ, ಮರಗಪ್ಪೆ, ಹೀಗೆ ಹುಡುಕಿ ಹುಡುಕಿ ತಿನ್ನುತ್ತೆ. ತೋಟಕ್ಕೆ ಇಳಿಯುವುದು ಕಡಿಮೆ. ಬಂದರೂ ಕಾಡಿನ ಅಂಚಿನ ಹಲಸಿನ ಮರಕ್ಕೆ. ನಮ್ಮ ತೆಂಗು ಅಡಿಕೆಯ ಲೆಕ್ಕದಲ್ಲಿ ಇದನ್ನು ಆರೋಪಿ ಮಾಡುವುದು ಸರಿಯಲ್ಲ.

ಒಮ್ಮೆ ಕಡಿಮೆಯಾದರೆ ಬೇಗ ಹೆಚ್ಚುವ ಜಾತಿ ಅಲ್ಲ

ಸಾದಾ ಮಂಗನ ಸಂಖ್ಯೆ ನೋಡಿ ನಮಗೆ ಅಭ್ಯಾಸ. ಎರಡು ವರ್ಷದಲ್ಲಿ ಹಿಂಡು ದುಪ್ಪಟ್ಟು ಆದ ಹಾಗೆ ಕಾಣ್ತದೆ. ಸಿಂಗಳೀಕದ ಲೆಕ್ಕ ಬೇರೆ. ಕಾಡಿನಲ್ಲಿ ಹೆಣ್ಣು ಮೊದಲ ಮರಿ ಹಾಕುವಾಗ ಆರು ವರ್ಷ ದಾಟಿರುತ್ತೆ. ಸುಮಾರು ಐದೂವರೆ ತಿಂಗಳ ಗರ್ಭ, ಒಂದು ಸಲಕ್ಕೆ ಒಂದೇ ಮರಿ. ಮುಂದಿನ ಮರಿಗೆ ಎರಡೂವರೆ ಮೂರು ವರ್ಷ. ಅಂದ್ರೆ ಒಂದು ಹೆಣ್ಣು ಜೀವಮಾನದಲ್ಲಿ ಬೆರಳೆಣಿಕೆಯ ಮರಿ ಮಾತ್ರ ಕೊಡುತ್ತೆ. ಒಂದು ಗುಂಪಿನಿಂದ ಎರಡು ಹೆಣ್ಣು ರಸ್ತೆಯಲ್ಲಿ ಸತ್ತರೆ ಆ ನಷ್ಟ ತುಂಬೋಕೆ ಹತ್ತು ವರ್ಷ ಬೇಕು. ರಸ್ತೆ ಅಂದೆ, ಅದಕ್ಕೆ ಕಾರಣ ಮುಂದೆ ಹೇಳ್ತೇನೆ.

ಇನ್ನೊಂದು ವಿಷಯ, ಇದಕ್ಕೆ ನಿತ್ಯಹರಿದ್ವರ್ಣದ ಕಾಡೇ ಬೇಕು. ಅಕೇಶಿಯಾ ನೆಡುತೋಪು, ಗೇರು ತೋಪು, ರಬ್ಬರ್ ತೋಟ, ಎಲ್ಲ ದೂರದಿಂದ ಹಸಿರೇ. ಆದರೆ ಅದರೊಳಗೆ ಸಿಂಗಳೀಕಕ್ಕೆ ವರ್ಷವಿಡೀ ತಿನ್ನೋಕೆ ಏನೂ ಇಲ್ಲ. ನೇರಳೆ ಮುಗಿದ ಮೇಲೆ ಹೆಬ್ಬಲಸು, ಅದು ಮುಗಿದ ಮೇಲೆ ಅತ್ತಿ-ಗೋಳಿ, ಮಳೆಗಾಲಕ್ಕೆ ಉಪ್ಪಾಗೆ, ನಡುವೆ ಬೈನೆ, ರಾಮಪತ್ರೆ ಹೀಗೆ ಹನ್ನೆರಡು ತಿಂಗಳೂ ಯಾವುದಾದರೊಂದು ಮರ ಹಣ್ಣು ಬಿಟ್ಟಿರಬೇಕು. ಒಂದೇ ಜಾತಿ ಮರ ನೆಟ್ಟ ಗುಡ್ಡದಲ್ಲಿ ಅದು ಆಗುವುದಿಲ್ಲ.

ನಮ್ಮ ಸುತ್ತಲಿನ ಕಾಡಿನ ಲೆಕ್ಕ

ಸೋಮೇಶ್ವರ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ಆಗ ವಿಸ್ತೀರ್ಣ ಸುಮಾರು 88 ಚದರ ಕಿ.ಮೀ. 2011ರಲ್ಲಿ ವಿಸ್ತರಿಸಿದ ಮೇಲೆ 314 ಚ.ಕಿ.ಮೀ. ಉತ್ತರಕ್ಕೆ ಮೂಕಾಂಬಿಕಾ ಅಭಯಾರಣ್ಯ, ಅದೂ 1974ರದ್ದೇ, 247 ಇದ್ದದ್ದು ವಿಸ್ತರಣೆ ನಂತರ 370 ಚ.ಕಿ.ಮೀ. ದಕ್ಷಿಣಕ್ಕೆ 600 ಚ.ಕಿ.ಮೀ. ಮಿಕ್ಕಿದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಮೇಲೆ ಆಗುಂಬೆ ಮೀಸಲು ಅರಣ್ಯ. ನಕ್ಷೆ ಬಿಡಿಸಿ ನೋಡಿದರೆ ಕೊಲ್ಲೂರಿನಿಂದ ಕುದುರೆಮುಖದವರೆಗೆ ಘಟ್ಟದ ಬುಡದಲ್ಲಿ ಒಂದು ಹಸಿರು ಪಟ್ಟಿ. ಹೊಸಂಗಡಿ, ಅಮಾಸೆಬೈಲು, ಮಡಾಮಕ್ಕಿ, ಹೆಬ್ರಿ ಎಲ್ಲ ಇದರ ಅಂಚಿನಲ್ಲೇ ಬರುವ ಊರುಗಳು. 2012ರ ಜುಲೈಯಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕದ 10 ತಾಣಗಳಲ್ಲಿ ಸೋಮೇಶ್ವರವೂ ಒಂದು.

ಆದರೆ ಪಟ್ಟಿ ಅಂದ ಮಾತ್ರಕ್ಕೆ ಕಾಡು ಕೂಡಿಕೊಂಡಿದೆ ಅಂತಲ್ಲ. ಘಾಟಿ ರಸ್ತೆಗಳು, ವಿದ್ಯುತ್ ಲೈನಿನ ಕೆಳಗೆ ಬೋಳಿಸಿದ ಜಾಗ, ವಾರಾಹಿ ಅಣೆಕಟ್ಟಿನ ಹಿನ್ನೀರು, ನೆಡುತೋಪು, ತೋಟ ಇವೆಲ್ಲ ನಡುನಡುವೆ ಸೀಳಿವೆ. ಹೊಸಂಗಡಿಯಲ್ಲಿ ನೆಲದೊಳಗೆ 460 ಮೆಗಾವ್ಯಾಟ್ ಕರೆಂಟು ಹುಟ್ಟುತ್ತೆ, ಅದು ನಾಡಿಗೆ ಹೋಗಬೇಕಾದರೆ ತಂತಿ ಕಾಡಿನ ಮೇಲಿಂದಲೇ ಹೋಗಬೇಕು. ಬೇಡ ಅನ್ನಲು ಆಗುವುದಿಲ್ಲ. ಆದರೆ ಮರದಿಂದ ಮರಕ್ಕೆ ಮಾತ್ರ ಹೋಗುವ ಪ್ರಾಣಿಗೆ ಮೂವತ್ತು ಮೀಟರ್ ಬೋಳು ಜಾಗ ಅಂದ್ರೆ ಒಂದು ಹೊಳೆ ಇದ್ದ ಹಾಗೆ.

ಕರ್ನಾಟಕದ ಸಿಂಗಳೀಕಗಳ ಬಗ್ಗೆ ಮೊದಲ ದೊಡ್ಡ ಸಮೀಕ್ಷೆ ಮಾಡಿ 1985ರಲ್ಲಿ ವರದಿ ಪ್ರಕಟಿಸಿದವರು ಉಲ್ಲಾಸ ಕಾರಂತರು. ನಮ್ಮ ಕೋಟದ ಶಿವರಾಮ ಕಾರಂತರ ಮಗ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್, ಅವರ ಜೊತೆ ಹೊನ್ನವಳ್ಳಿ ಕುಮಾರ ಇವರೆಲ್ಲ ವರ್ಷಗಟ್ಟಲೆ ಕಾಡು ಸುತ್ತಿ ಲೆಕ್ಕ ಹಾಕಿದರು. ಇವರ ಕೆಲಸದಿಂದ ಗೊತ್ತಾದದ್ದು ಎರಡು: ಒಂದು, ಕಾಡು ಇದ್ದೂ ಸಿಂಗಳೀಕ ಇಲ್ಲದ ಜಾಗಗಳಿವೆ, ಅಲ್ಲಿ ಬೇಟೆ ಮುಖ್ಯ ಕಾರಣ. ಎರಡು, ಯಾರೂ ಅಷ್ಟು ಗಮನ ಕೊಡದಿದ್ದ ಶಿರಸಿ-ಹೊನ್ನಾವರದ ಕಾಡಿನಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪು ಇವೆ.

ಅಘನಾಶಿನಿ, ಶರಾವತಿಯಲ್ಲಿ ಎಂತ ಮಾಡಿದ್ರು?

ಈ ಎರಡನೆಯದು ಗೊತ್ತಾದ ಮೇಲೆ ಕೆಲಸ ಶುರುವಾಯ್ತು. 2011ರಲ್ಲಿ ಸುಮಾರು 300 ಚ.ಕಿ.ಮೀ. ಕಾಡನ್ನು ‘ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು’ ಎಂದು ಘೋಷಿಸಿದರು. ಸಂರಕ್ಷಣಾ ಮೀಸಲು ಅಂದ್ರೆ ಅಭಯಾರಣ್ಯದಷ್ಟು ಬಿಗಿ ಅಲ್ಲ, ಜನ ಅಲ್ಲೇ ಇರುತ್ತಾರೆ, ಆಡಳಿತಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ಪಂಚಾಯತಿನವರೂ ಇರುತ್ತಾರೆ. 2019ರಲ್ಲಿ ಈ ಮೀಸಲು, ಹಳೆಯ ಶರಾವತಿ ಕಣಿವೆ ಅಭಯಾರಣ್ಯ, ನಡುವಿನ ಮೀಸಲು ಅರಣ್ಯ ಎಲ್ಲ ಸೇರಿಸಿ 930 ಚ.ಕಿ.ಮೀ.ಯ ‘ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ’ ಆಯ್ತು. ಬಿಡಿಬಿಡಿ ತುಂಡುಗಳಿಗೆ ರಕ್ಷಣೆ ಕೊಡುವ ಬದಲು ಕೂಡಿಸಿ ಕೊಟ್ಟದ್ದು ಇಲ್ಲಿನ ದೊಡ್ಡ ಹೆಜ್ಜೆ. ಈಗ ಅದೇ ಅಭಯಾರಣ್ಯದೊಳಗೆ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದು ಗಲಾಟೆ ನಡೀತಾ ಇರುವುದು ಪೇಪರ್ ಓದುವವರಿಗೆ ಗೊತ್ತೇ ಇದೆ. ಘೋಷಣೆ ಆದ ಕೂಡಲೇ ಕೆಲಸ ಮುಗಿಯಿತು ಅಂತ ಕೂರುವ ಹಾಗಿಲ್ಲ.

ಸಿಂಗಳೀಕದ ಹೆಸರಲ್ಲಿ ಒಂದು ಯೋಜನೆ ನಿಂತ ಇತಿಹಾಸವೂ ಇದೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆಗೆ ಜನ ವಿರೋಧ ಮಾಡಿದಾಗ ಈ ಮಂಗವೇ ಹೋರಾಟದ ಗುರುತಾಗಿತ್ತು. 1983ರಲ್ಲಿ ಯೋಜನೆ ಕೈಬಿಟ್ಟರು, 1984ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು.

ಉಪ್ಪಾಗೆ ವ್ಯಾಪಾರ: ಅಂಗಡಿಯವರು ಓದಲೇಬೇಕಾದ ವಿಷಯ

ಕಾಡುತ್ಪತ್ತಿ ಖರೀದಿ ಮಾಡುವ ಅಂಗಡಿಗಳು ಕುಂದಾಪುರ, ಸಿದ್ದಾಪುರ, ಹೆಬ್ರಿ ಎಲ್ಲ ಕಡೆ ಇವೆ. ಉಪ್ಪಾಗೆ ಸಿಪ್ಪೆ, ರಾಮಪತ್ರೆ, ಮುರುಗಲು, ಸೀಗೆ, ಅಂಟುವಾಳ. ಇದರಲ್ಲಿ ಉಪ್ಪಾಗೆಯ ಕಥೆ ಬೇರೆ. ಮೊದಲು ಅದು ಮೀನು ಸಾರಿಗೆ ಹುಳಿ, ಬೀಜದಿಂದ ತುಪ್ಪ, ಅಷ್ಟೇ ಆಗಿತ್ತು. 1990ರ ದಶಕದಲ್ಲಿ ಅದರ ಸಿಪ್ಪೆಯಲ್ಲಿರುವ ಆಮ್ಲ ಬೊಜ್ಜು ಕರಗಿಸುತ್ತೆ ಅಂತ ಹೊರದೇಶದಲ್ಲಿ ಪ್ರಚಾರ ಆಗಿ ಮಾತ್ರೆ ಮಾಡಲು ಶುರು ಮಾಡಿದರು. ದರ ಒಮ್ಮೆಲೇ ಏರಿತು. ದರ ಏರಿದಾಗ ಏನಾಗುತ್ತೆ? ಇನ್ನೊಬ್ಬ ಕೊಯ್ಯುವ ಮೊದಲು ನಾನು ಕೊಯ್ಯಬೇಕು ಅಂತ ಹಸಿ ಕಾಯಿಯನ್ನೇ ಕೊಯ್ಯುವುದು, ಹತ್ತಲಾಗದ ಕಡೆ ಕೊಂಬೆಯನ್ನೇ ಕಡಿಯುವುದು.

ಇನ್ನೊಂದು ತೊಂದರೆ ಹೊರಗಿನವರಿಗೆ ಹೊಳೆಯುವುದಿಲ್ಲ. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಬಿಸಿಲಿಲ್ಲ, ಒಣಗಿಸಲು ಅಟ್ಟ ಕಟ್ಟಿ ಕೆಳಗೆ ಬೆಂಕಿ ಹಾಕಬೇಕು. ಒಂದು ಕಿಲೋ ಒಣ ಸಿಪ್ಪೆಗೆ ಅದರ ಎಷ್ಟೋ ಪಟ್ಟು ಕಟ್ಟಿಗೆ ಹೋಗುತ್ತೆ. ಆ ಕಟ್ಟಿಗೆ ಅದೇ ಕಾಡಿನದ್ದು. ಅಂದ್ರೆ ಹಣ್ಣೂ ಹೋಯ್ತು, ಪಕ್ಕದ ಮರವೂ ಹೋಯ್ತು. ಉತ್ತರ ಕನ್ನಡದಲ್ಲಿ ಕಟ್ಟಿಗೆ ಕಡಿಮೆ ತಿನ್ನುವ ಸುಧಾರಿತ ಒಲೆ-ಡ್ರೈಯರುಗಳನ್ನು ಜನ ಬಳಸಲು ಶುರು ಮಾಡಿದ್ದು ಇದಕ್ಕೇ. ನಮ್ಮಲ್ಲೂ ಸಂಘದ ಲೆಕ್ಕದಲ್ಲಿ ನಾಲ್ಕು ಮನೆಗೆ ಒಂದು ಡ್ರೈಯರ್ ಮಾಡಿಕೊಂಡರೆ ಕಟ್ಟಿಗೆಯೂ ಉಳಿಯುತ್ತೆ, ಹೊಗೆ ವಾಸನೆ ಇಲ್ಲದ ಸಿಪ್ಪೆಗೆ ದರವೂ ಚೆನ್ನಾಗಿ ಸಿಗುತ್ತೆ.

ಖರೀದಿ ಮಾಡುವವರ ಕೈಯಲ್ಲಿ ಒಂದು ಶಕ್ತಿ ಇದೆ. ಹಸಿ ಕಾಯಿಯ ಸಿಪ್ಪೆ ಬೇಡ, ಹಣ್ಣಾದದ್ದೇ ತನ್ನಿ, ಅದಕ್ಕೆ ಎರಡು ರೂಪಾಯಿ ಜಾಸ್ತಿ ಕೊಡ್ತೇವೆ ಅಂದರೆ ಸಾಕು, ಕಾಡಿನಲ್ಲಿ ಕೊಯ್ಯುವ ಕ್ರಮವೇ ಬದಲಾಗುತ್ತೆ. ಹಣ್ಣಾಗುವವರೆಗೆ ಮರದಲ್ಲಿ ಬಿಟ್ಟರೆ ಸಿಂಗಳೀಕ ತಿಂದು ಉಳಿದದ್ದು ಕೆಳಗೆ ಬೀಳುತ್ತೆ, ಬೀಜವೂ ದೂರ ಹೋಗಿ ಬೀಳುತ್ತೆ. ಇಲಾಖೆಯ ಎಷ್ಟೋ ಬೋರ್ಡಿಗಿಂತ ಅಂಗಡಿಯ ತಕ್ಕಡಿ ಹೇಳಿದ ಮಾತು ಜನ ಬೇಗ ಕೇಳ್ತಾರೆ ಅನ್ನೋದು ನನ್ನ ಅಭಿಪ್ರಾಯ. ಅಭಯಾರಣ್ಯದ ಒಳಗಿಂದ ವ್ಯಾಪಾರಕ್ಕಾಗಿ ಕಾಡುತ್ಪತ್ತಿ ತೆಗೆಯಲು ಕಾನೂನಿನ ನಿರ್ಬಂಧ ಇದೆ ಎನ್ನುವುದೂ ನೆನಪಿರಲಿ. ಸ್ವಂತ ಜಾಗದ್ದೋ, ಇಲಾಖೆಯ ಅನುಮತಿ ಇರುವ ಕಡೆಯದ್ದೋ ಅಂತ ಕೇಳಿ ತಗೊಳ್ಳುವುದು ಅಂಗಡಿಯವರಿಗೇ ಕ್ಷೇಮ.

ಘಾಟಿಯಲ್ಲಿ ಬಾಳೆಹಣ್ಣು ಕೊಡುವವರಿಗೆ

ಆಗುಂಬೆ ಘಾಟಿಯಲ್ಲಿ ಈಗ ಸಿಂಗಳೀಕ ರಸ್ತೆ ಬದಿಗೆ ಬಂದು ಕೂರುತ್ತೆ. ಕ್ಯಾಮೆರಾ ಹಿಡಿದವರಿಗೆ ಖುಷಿ. ಹತ್ತಿರದಿಂದ ಫೋಟೋ ಸಿಗುತ್ತೆ. ಆದರೆ ಮರದಿಂದ ಇಳಿಯದ ಪ್ರಾಣಿ ಡಾಂಬರಿಗೆ ಇಳಿದಿದೆ ಅಂದ್ರೆ ಅದು ಒಳ್ಳೆ ಲಕ್ಷಣ ಅಲ್ಲ ಮಾರಾಯ್ರೆ. ಚಿಪ್ಸು, ಬಿಸ್ಕೆಟು, ಬಾಳೆಹಣ್ಣು ಕೊಟ್ಟು ಕೊಟ್ಟು ಇಳಿಸಿದ್ದು ನಾವೇ. ತಿರುವಿನಲ್ಲಿ ಇಳಿದು ಬರುವ ಬಸ್ಸಿಗೆ, ಕಾರಿಗೆ ಬ್ರೇಕ್ ಹಾಕೋಕೆ ಜಾಗ ಎಲ್ಲಿ?

ರೋಗದ ವಿಷಯವೂ ಇದೆ. ಮನುಷ್ಯರ ಎಂಜಲಿನಿಂದ ಮಂಗಕ್ಕೆ ರೋಗ ದಾಟುತ್ತೆ, ಮಂಗದಿಂದ ನಮಗೂ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಘಟ್ಟದ ಮೇಲೆ ಕೆಳಗೆ ಎರಡೂ ಕಡೆ ಜನರನ್ನು ಬಾಧಿಸಿದೆ. ಅದು ಉಣ್ಣೆಯಿಂದ ಹರಡುವುದು. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆ ಕೆಳಗಿಳಿಯುತ್ತೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಎಳೆದು ಹಾಕಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಅರಣ್ಯ ಇಲಾಖೆಗೋ ತಿಳಿಸಿ.

ಘಾಟಿ ಬುಡದ ಚಾ ಅಂಗಡಿ, ಜ್ಯೂಸ್ ಅಂಗಡಿಯವರು ಮಾಡಬಹುದಾದ್ದು: ಮುಚ್ಚಳ ಇರುವ ಕಸದ ಡಬ್ಬ ಇಡುವುದು, ಬಾಳೆಹಣ್ಣು ತಗೊಂಡು ಮೇಲೆ ಹೋಗುವ ಪ್ರವಾಸಿಗೆ ‘ಮಂಗಕ್ಕೆ ಹಾಕ್ಬೇಡಿ ಅಣ್ಣಾ’ ಅಂತ ಒಂದು ಮಾತು ಹೇಳುವುದು. ವ್ಯಾಪಾರ ಅದರಿಂದ ಕಡಿಮೆ ಆಗುವುದಿಲ್ಲ.

ವಾಲ್ಪಾರೈ, ಬ್ರೆಜಿಲ್: ಇವರು ಮಾಡಿ ತೋರಿಸಿದ್ದು

ತಮಿಳುನಾಡಿನ ವಾಲ್ಪಾರೈ ಪಟ್ಟಣದ ಪಕ್ಕ ಪುದುತೋಟ್ಟಂ ಅಂತ ಟೀ ಎಸ್ಟೇಟಿನ ನಡುವೆ ಸುಮಾರು 92 ಹೆಕ್ಟೇರ್ ಕಾಡಿನ ತುಂಡು ಇದೆ. ಅಷ್ಟು ಸಣ್ಣ ಜಾಗದಲ್ಲಿ ನೂರಕ್ಕೂ ಹೆಚ್ಚು ಸಿಂಗಳೀಕ. ರಸ್ತೆ ದಾಟುವಾಗ ಸಾಯುತ್ತಿದ್ದವು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು, ಅರಣ್ಯ ಇಲಾಖೆ ಸೇರಿ ರಸ್ತೆಯ ಎರಡೂ ಬದಿಯ ಮರಗಳ ನಡುವೆ ಹಳೇ ಫೈರ್ ಹೋಸ್ ಪೈಪು, ರಬ್ಬರಿನಲ್ಲಿ ಮಾಡಿದ ತೂಗುಸೇತುವೆ ಕಟ್ಟಿದರು. ಮೊದಲು ಹೆದರಿದ ಮಂಗಗಳು ಆಮೇಲೆ ಅದರ ಮೇಲೇ ಓಡಾಡಲು ಕಲಿತವು. ದೊಡ್ಡ ಖರ್ಚಿನ ಕೆಲಸ ಅಲ್ಲ. ಆಗುಂಬೆ, ಬಾಳೆಬರೆಯಲ್ಲಿ ರಸ್ತೆ ಅಗಲ ಮಾಡುವ ಮಾತು ಬಂದಾಗಲೆಲ್ಲ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಮೇಲೆ ಕೊಂಬೆ ಕೂಡುವ ಜಾಗ ಎಷ್ಟು ಉಳಿಸ್ತೀರಿ, ಉಳಿಯದ ಕಡೆ ಸೇತುವೆ ಹಾಕ್ತೀರಾ ಅಂತ.

ಅದೇ ಸಂಸ್ಥೆಯ ದಿವ್ಯಾ ಮುದ್ದಪ್ಪ, ಶಂಕರ್ ರಾಮನ್ ಅವರ ತಂಡ ಎರಡು ದಶಕದಿಂದ ಅಲ್ಲಿ ಹಾಳಾದ ಕಾಡಿನ ತುಂಡುಗಳಲ್ಲಿ ನೂರಕ್ಕೂ ಹೆಚ್ಚು ಜಾತಿಯ ಸ್ಥಳೀಯ ಗಿಡ ಬೆಳೆಸಿ ನೆಡುತ್ತಾ ಬಂದಿದೆ. ಗಮನಿಸಿ, ನೂರು ಸಾವಿರ ಗಿಡ ಅಲ್ಲ, ನೂರು ಜಾತಿ. ನಮ್ಮ ವನಮಹೋತ್ಸವಗಳಲ್ಲಿ ಲೆಕ್ಕ ಯಾವಾಗಲೂ ಗಿಡದ್ದು, ಜಾತಿಯದ್ದಲ್ಲ. ಬದುಕಿದ ಗಿಡದ್ದಂತೂ ಅಲ್ಲವೇ ಅಲ್ಲ.

ಬ್ರೆಜಿಲಿನಲ್ಲಿ ಗೋಲ್ಡನ್ ಲಯನ್ ಟ್ಯಾಮರಿನ್ ಅಂತ ಕೈಯಗಲದ ಹೊಂಬಣ್ಣದ ಮಂಗ ಇದೆ. ಅದಕ್ಕೂ ಸಿಂಹದ ಹಾಗೆ ಕೇಸರ. 1970ರ ದಶಕದಲ್ಲಿ ಉಳಿದದ್ದು ಸುಮಾರು 200. ಪ್ರಾಣಿಸಂಗ್ರಹಾಲಯದಲ್ಲಿ ಹುಟ್ಟಿದವನ್ನು 1984ರಿಂದ ಕಾಡಿಗೆ ಬಿಟ್ಟರು. ಬಿಟ್ಟದ್ದು ಎಲ್ಲಿಗೆ? ಹೆಚ್ಚಾಗಿ ಖಾಸಗಿ ರೈತರ, ದನ ಸಾಕುವವರ ಜಾಗದ ಕಾಡಿಗೆ. ಅವರನ್ನು ಒಪ್ಪಿಸಿ, ಕಾಡಿನ ತುಂಡುಗಳ ನಡುವೆ ಮರದ ಸಾಲು ನೆಟ್ಟು ಕೂಡಿಸಿದರು. 2014ರ ಹೊತ್ತಿಗೆ 3,700 ಆಯ್ತು. 2016-18ರಲ್ಲಿ ಹಳದಿ ಜ್ವರ ಬಂದು 2,500ಕ್ಕೆ ಇಳಿಯಿತು. ಬಿಡಲಿಲ್ಲ. ಮಂಗಗಳಿಗೇ ಲಸಿಕೆ ಹಾಕಿದರು, ಹೆದ್ದಾರಿಯ ಮೇಲೆ ಮರ ನೆಟ್ಟ ಸೇತುವೆ ಕಟ್ಟಿದರು. 2023ರ ಗಣತಿಯಲ್ಲಿ ಸುಮಾರು 4,800. ಖಾಸಗಿ ಜಾಗದವರು ಸೇರದಿದ್ದರೆ ಇದು ಆಗುತ್ತಿರಲಿಲ್ಲ.

ಸಿಂಗಳೀಕವನ್ನೂ ಚೆನ್ನೈ ಪಕ್ಕದ ವಂಡಲೂರು ಮೃಗಾಲಯದಲ್ಲಿ, ಯುರೋಪು ಅಮೆರಿಕದ ಮೃಗಾಲಯಗಳಲ್ಲಿ ಸಾಕಿ ಸಂತಾನ ಮಾಡುತ್ತಾರೆ. ಆದರೆ ತಂದು ಬಿಡುವ ಮೊದಲು ಬಿಡೋಕೆ ಕಾಡು ಬೇಕಲ್ಲ.

ಮರವನ್ನೂ ಹೀಗೆ ಉಳಿಸ್ತಾರೆ

ಸಿದ್ದಾಪುರ (ಉತ್ತರ ಕನ್ನಡದ್ದು) ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ 2000ದಲ್ಲಿ ಗೇರಿನ ಕುಟುಂಬದ ಒಂದು ಹೊಸ ಮರ ಪತ್ತೆಯಾಯ್ತು. ಊರಿನ ಹೆಸರೇ ಇಟ್ಟು ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಅಂದರು. ಕಾಡಿನಲ್ಲಿ ಬೆಳೆದ ಮರ ನೂರೂ ಇಲ್ಲ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹತ್ತಿರದಲ್ಲಿ ಎರಡೂ ಇಲ್ಲದಿದ್ದರೆ ಬೀಜವೇ ಇಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಬೀಜ ಹೆಕ್ಕಿ ಸಸಿ ಮಾಡಿ ಜಡ್ಡಿಗಳಲ್ಲಿ ವಾಪಸ್ ನೆಟ್ಟರು. ಹೊಳೆಮೂಲದ ಇಂಥ ಜೌಗು ಜಾಗವನ್ನು ತೋಟ ಮಾಡಿದರೆ ಮರವೂ ಹೋಗುತ್ತೆ, ಬೇಸಿಗೆಯ ನೀರೂ ಹೋಗುತ್ತೆ.

ನಮ್ಮ ಹಾಡಿ, ಕುಮ್ಕಿ, ನಾಗಬನದಲ್ಲಿ ಎಂತ ಮಾಡಬಹುದು?

ಅಮಾಸೆಬೈಲು ಪಂಚಾಯತಿಗೆ ಊರಿಡೀ ಸೇರಿ ಕೆಲಸ ಮಾಡಿ ಅಭ್ಯಾಸ ಇದೆ. ಅಮಾಸೆಬೈಲು, ರಟ್ಟಾಡಿ, ಮಚ್ಚಟ್ಟು ಮೂರೂ ಗ್ರಾಮಗಳ ಮನೆಮನೆಗೆ ಸೋಲಾರ್ ದೀಪ ಬಂದದ್ದು, ಎ.ಜಿ. ಕೊಡ್ಗಿಯವರು ಹಿಂದೆ ನಿಂತು ಮಾಡಿಸಿದ್ದು ಎಲ್ಲರಿಗೂ ಗೊತ್ತು. ಕಾಡಿನ ಕೆಲಸ ಅದಕ್ಕಿಂತ ನಿಧಾನ, ಆದರೆ ಖರ್ಚು ಕಡಿಮೆ.

ಮೊದಲನೆಯದು, ಇರುವ ಮರ ಬಿಡುವುದು. ಹಾಡಿಯಲ್ಲಿರುವ ಒಂದು ದೊಡ್ಡ ಗೋಳಿ, ಒಂದು ಹೆಬ್ಬಲಸು, ಒಂದು ಬೈನೆ ಹತ್ತು ಸಾವಿರ ಸಸಿಗಿಂತ ಇವತ್ತಿನ ಲೆಕ್ಕಕ್ಕೆ ದೊಡ್ಡದು. ಅದರಲ್ಲಿ ಮಂಗಟ್ಟೆ ಹಕ್ಕಿ, ಪುನುಗು, ಸಿಂಗಳೀಕ ಎಲ್ಲ ತಿಂದು ಬೀಜ ಹರಡುತ್ತವೆ. ಗೋಳಿ ಮರಕ್ಕೆ ಮರದ ಬೆಲೆ ಇಲ್ಲ ಅಂತ ಕಡಿಸುವವರು ಇದನ್ನೊಮ್ಮೆ ಯೋಚಿಸಲಿ.

ನಾಗಬನದ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರ ಆಗಬಹುದು. ಆದರೂ ಹೇಳಬೇಕು. ಬನ ಅಂದ್ರೇ ಕಾಡು. ಜೀರ್ಣೋದ್ಧಾರ ಅಂತ ಮರ ಕಡಿದು, ಸುತ್ತ ಕಾಂಕ್ರೀಟು, ಮೇಲೆ ಗ್ರಾನೈಟು ಹಾಕಿದ ಮೇಲೆ ಅಲ್ಲಿ ಬನ ಎಲ್ಲಿ ಉಳಿಯಿತು? ನೂರಾರು ವರ್ಷ ಕತ್ತಿ ಮುಟ್ಟದ ಬನಗಳಲ್ಲಿ ಇರುವ ಹಳೇ ಮರಗಳ ಬೀಜವೇ ನಮ್ಮ ನರ್ಸರಿಗೆ ಸಿಗುವ ಅತ್ಯುತ್ತಮ ಬೀಜ. ಕಟ್ಟೆ ಕಟ್ಟಿಸುವವರು ಮರ ಬಿಟ್ಟು ಕಟ್ಟಿಸಬಹುದು.

ಎರಡನೆಯದು, ಹಾಳಾದ ಜಾಗವನ್ನು ಸುಮ್ಮನೆ ಬಿಟ್ಟು ಕಾಯುವುದು. ನಮ್ಮಲ್ಲಿ ಮಳೆ ಧಾರಾಳ. ದನ ನುಗ್ಗದ ಹಾಗೆ ಬೇಲಿ ಹಾಕಿ, ಬೇಸಿಗೆಯಲ್ಲಿ ಬೆಂಕಿ ಬೀಳದ ಹಾಗೆ ನೋಡಿಕೊಂಡು, ತರಗೆಲೆಯನ್ನು ಪೂರ್ತಿ ಗುಡಿಸಿ ತೆಗೆಯದೆ ಬಿಟ್ಟರೆ ನಾಲ್ಕೈದು ವರ್ಷದಲ್ಲಿ ತಾನಾಗಿ ಗಿಡ ಏಳುತ್ತೆ. ತಾನಾಗಿ ಬರದ ಜಾತಿಯನ್ನು ಮಾತ್ರ ನಾವು ನೆಟ್ಟರೆ ಸಾಕು.

ನೆಡುವುದಾದರೆ: ಹೆಬ್ಬಲಸು, ಕಾಟು ಹಲಸು, ಉಪ್ಪಾಗೆ, ಮುರುಗಲು, ನೇರಳೆ, ಬೈನೆ, ರಾಮಪತ್ರೆ, ಧೂಪ, ಅತ್ತಿ. ಇದರಲ್ಲಿ ಧೂಪ, ರಾಮಪತ್ರೆಯ ಬೀಜ ಒಣಗಿಸಿ ಇಡಲು ಆಗುವುದಿಲ್ಲ, ಒಣಗಿದರೆ ಸತ್ತಿತು. ಬಿದ್ದ ಕೂಡಲೇ ಹೆಕ್ಕಿ ಕೆಲವೇ ದಿನದಲ್ಲಿ ಮಣ್ಣಿಗೆ ಹಾಕಬೇಕು. ಬಯಲಲ್ಲಿ ಬಿಸಿಲಿಗೆ ನೆಟ್ಟರೂ ಬದುಕುವುದು ಕಷ್ಟ. ಮೊದಲು ಬೇಗ ಬೆಳೆಯುವ ಸ್ಥಳೀಯ ಮರ ಬರಲಿ, ಅದರ ನೆರಳಲ್ಲಿ ಇವನ್ನು ಹಾಕಿ. ಹಳೇ ಅಕೇಶಿಯಾ ಇದ್ದರೂ ಒಮ್ಮೆಲೇ ಬೋಳಿಸುವ ಬದಲು ನಡುನಡುವೆ ತೆಗೆದು ಅದರ ನೆರಳನ್ನೇ ಬಳಸಿಕೊಳ್ಳಬಹುದು. ಮುಂಗಾರು ಹಿಡಿದ ಕೂಡಲೇ ನೆಟ್ಟರೆ ಬೇರು ಇಳಿಯಲು ಸಮಯ ಸಿಗುತ್ತೆ, ಆಗಸ್ಟಿನವರೆಗೆ ಕಾದರೆ ಅರ್ಧ ಮಳೆ ಹೋಗಿರುತ್ತೆ.

ಮೂರನೆಯದು, ತುಂಡುಗಳನ್ನು ಕೂಡಿಸುವುದು. ನಿಮ್ಮ ಹಾಡಿಗೂ ಪಕ್ಕದವರ ಹಾಡಿಗೂ ನಡುವೆ, ತೋಡಿನ ಬದಿಯಲ್ಲಿ ಎರಡು ಸಾಲು ಮರ ಇದ್ದರೆ ಮೇಲೆ ಕೊಂಬೆ ಕೂಡುತ್ತೆ. ತೋಡಿನ ದರೆಯೂ ಜರಿಯುವುದಿಲ್ಲ.

ಹಣ, ಕಾನೂನು, ಕಚೇರಿ

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಕಡಿಮೆ ದರಕ್ಕೆ ಸಿಗುತ್ತೆ. ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ ಎಂದು ನಿಗದಿ ಮಾಡಿದ್ದಾರೆ. ಈ ವರ್ಷದ ದರ, ಯಾವ ಜಾತಿಗೆ ಸಿಗುತ್ತೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಲಯ ಕಚೇರಿಯಲ್ಲಿ ಕೇಳಿ ಹೆಸರು ಬರೆಸಿಕೊಳ್ಳಿ. ಆರ್‌ಟಿಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ತಗೊಂಡು ಹೋಗಿ.

ನಮ್ಮಲ್ಲಿ ಕಚೇರಿ ಎರಡು ಬಗೆ ಇರುವುದರಿಂದ ಗೊಂದಲ ಆಗುತ್ತೆ. ಅಭಯಾರಣ್ಯದ ಒಳಗಿನ ವಿಷಯ ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ್ದು. ಹೊರಗಿನ ಮೀಸಲು ಅರಣ್ಯ, ಸಸಿ ವಿತರಣೆ ಇವೆಲ್ಲ ಕುಂದಾಪುರ ಅರಣ್ಯ ವಿಭಾಗದ್ದು. ಯಾವುದೆಂದು ಗೊತ್ತಾಗದಿದ್ದರೆ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಸಿಂಗಳೀಕ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿಗೆ ಇರುವಷ್ಟೇ ರಕ್ಷಣೆ. ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. 2022ರ ತಿದ್ದುಪಡಿ ನಂತರ ಕನಿಷ್ಠ ದಂಡ 25,000 ರೂ. ಮರಿ ಹಿಡಿದು ಸಾಕುವುದೂ ಅಪರಾಧ. ಕಾಡುಹಂದಿಗೆ ಅಂತ ಇಟ್ಟ ಉರುಳು, ತಂತಿಗೆ ಬೇರೆ ಪ್ರಾಣಿ ಬಿದ್ದರೂ ಕೇಸು ಇಟ್ಟವನ ಮೇಲೆಯೇ.

ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮರ, ಪ್ರಾಣಿ, ಬನ, ಜಡ್ಡಿಗಳ ದಾಖಲೆ ಬರೆದಿಡುವುದು ಅದರ ಕೆಲಸ. ಹೆಚ್ಚಿನ ಕಡೆ ಈ ಸಮಿತಿ ಕಡತದಲ್ಲಿ ಮಾತ್ರ ಇದೆ. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ದಾಖಲೆ ಪುಸ್ತಕ ಎಲ್ಲಿ ಅಂತ ಒಂದು ಪ್ರಶ್ನೆ ಕೇಳಿ ನೋಡಿ.

ಕಸ್ತೂರಿರಂಗನ್ ವರದಿಯ ಭಯ ಇನ್ನೂ ಹೋಗಿಲ್ಲ ಎನ್ನುವುದೂ ನಿಜ. ಪರಿಸರ ಸೂಕ್ಷ್ಮ ಪ್ರದೇಶದ ಕರಡು 2014ರಿಂದ ಮತ್ತೆ ಮತ್ತೆ ಬರ್ತಾ ಇದೆ, ಆರನೇ ಕರಡು ಬಂದದ್ದು 2024ರ ಜುಲೈ 31ಕ್ಕೆ. ಕರ್ನಾಟಕದ ಪಾಲು 20,668 ಚ.ಕಿ.ಮೀ. ಕುಂದಾಪುರ, ಕಾರ್ಕಳ ಕಡೆಯ ಘಟ್ಟದ ಬುಡದ ಊರುಗಳ ಹೆಸರೂ ಪಟ್ಟಿಯಲ್ಲಿ ಬಂದು ಪ್ರತಿಭಟನೆ ಆಗಿವೆ, ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ವರದಿಯನ್ನು ತಿರಸ್ಕರಿಸಿದೆ. ಮನೆ ಕಟ್ಟಲು ಬಿಡ್ತಾರಾ, ತೋಟ ಮಾಡಲು ಬಿಡ್ತಾರಾ ಅಂತ ಜನ ಕೇಳುವುದು ನ್ಯಾಯವೇ. ಆದರೆ ಮೇಲೆ ಹೇಳಿದ ಯಾವ ಕೆಲಸಕ್ಕೂ ಆ ಪಟ್ಟಿ ಬರಬೇಕೂ ಇಲ್ಲ, ಹೋಗಬೇಕೂ ಇಲ್ಲ. ನಮ್ಮ ಹಾಡಿಯ ಗೋಳಿ ಮರ ಬಿಡಲು ದೆಹಲಿಯ ಅಧಿಸೂಚನೆ ಬೇಡ.

ಸಿಂಗಳೀಕ ಕಂಡರೆ

ಶಬ್ದ ಮಾಡದೆ ನಿಂತು ನೋಡಿ. ದಿನಾಂಕ, ಸಮಯ, ಜಾಗ (ಹತ್ತಿರದ ಮನೆ, ತೋಡು, ಮೈಲಿಗಲ್ಲು ಏನಾದರೂ), ಎಷ್ಟು ಕಂಡವು, ಅದರಲ್ಲಿ ತಾಯಿಗೆ ಅಂಟಿಕೊಂಡ ಮರಿ ಎಷ್ಟು, ಯಾವ ಮರದಲ್ಲಿ ಎಂತ ತಿನ್ನುತ್ತಿದ್ದವು, ಇಷ್ಟು ಬರೆದಿಡಿ. ಮೊಬೈಲಿನಲ್ಲಿ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು. ವಲಯ ಅರಣ್ಯ ಕಚೇರಿಗೋ ಪಂಚಾಯತಿನ ಜೀವವೈವಿಧ್ಯ ಸಮಿತಿಗೋ ಕೊಡಿ. ಜಾಗದ ವಿವರ ಫೇಸ್‌ಬುಕ್ಕಿಗೆ ಹಾಕಬೇಡಿ, ಮರುದಿನವೇ ಕಾರು ಬಂದು ನಿಲ್ಲುತ್ತೆ. ಗಾಯಗೊಂಡದ್ದು ಕಂಡರೆ ಹಿಡಿಯಲು ಹೋಗದೆ 1926ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ನಾಯಿ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.